ಟಂಕಸಾಲೆ ಮುಚ್ಚಿದರೂ ನಾಣ್ಯ ನಡೆಯುತ್ತದೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಬಿಚ್ಚಿದರೆ ಸೀನು, ಲೆಕ್ಕ ತಪ್ಪಿದರೆ ಜಗಳ. ರೈತ ತಂದ ಲಾಟಿನ ತೂಕ, ದರ, ಮುಂಗಡ ಎಲ್ಲ ಸೇರಿ ಕೊನೆಗೊಂದು ಪಟ್ಟಿಯಾಗುತ್ತದೆ. ಆ ಪಟ್ಟಿ ತೆಗೆಯುವ ಕಂಪ್ಯೂಟರ್ ಪ್ರೋಗ್ರಾಮು ಬರೆದಾತನನ್ನು ಪೇಟೆ ನೆನೆಯುವುದು ಅದು ಕೆಟ್ಟು ನಿಂತಾಗ ಮಾತ್ರ.

ರಾಣೆಬೆನ್ನೂರಿನ ಅಂಥ ಒಬ್ಬರು ಹಾವೇರಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತ, ಬ್ಯಾಡಗಿಯ ಅಂಗಡಿಗಳಿಗೆ ಪ್ರೋಗ್ರಾಮು ಬರೆಯುತ್ತ ಸಂಸಾರ ಸಾಗಿಸಿದವರು. 1998ರಲ್ಲಿ ಬಂದ ವಿಷುವಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯೇ ಅವರಿಗೆ ಅನ್ನಪೂರ್ಣೆ. 2002ರಲ್ಲಿ ಮೈಕ್ರೋಸಾಫ್ಟ್ ಅದರ ಜಾಗಕ್ಕೆ ವಿಷುವಲ್ ಬೇಸಿಕ್ ಡಾಟ್ ನೆಟ್ ತಂದಿತು. ಹೆಸರು ಅದೇ, ಸ್ವಭಾವ ಬೇರೆ. ಹಳೆಯದರಲ್ಲಿ ಕೋಷ್ಟಕದ ಮನೆಗಳನ್ನು ಒಂದರಿಂದ ಎಣಿಸಬಹುದಿತ್ತು. ಹೊಸದು ಸೊನ್ನೆಯಿಂದಲೇ ಎಣಿಸೆಂದಿತು. ಮೊದಲ ಚೀಲವನ್ನು ಸೊನ್ನೆಯ ಚೀಲವೆಂದರೆ ಯಾವ ಹಮಾಲಿ ಒಪ್ಪಿಯಾನು? ಹಣಕ್ಕೆಂದೇ ಇದ್ದ 'ಕರೆನ್ಸಿ' ಹೋಗಿ 'ಡೆಸಿಮಲ್' ಬಂತು. 32,767ಕ್ಕೆ ಸುಸ್ತಾಗುತ್ತಿದ್ದ 'ಇಂಟಿಜರ್' 214 ಕೋಟಿಯವರೆಗೆ ಎಣಿಸತೊಡಗಿತು. ಜೊತೆಗೆ ಕೊಟ್ಟ ಪರಿವರ್ತನಾ ಸಾಧನವಂತೂ ತನಗೆ ತಿಳಿದಷ್ಟನ್ನು ಬದಲಿಸಿ, ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎಂಬರ್ಥದ ಟಿಪ್ಪಣಿ ಬರೆದಿಡುತ್ತಿತ್ತು.

ಅವರಿಗೆ ಸಿಟ್ಟು ಬಂತು. ಬಂದದ್ದು ಅವರೊಬ್ಬರಿಗೇ ಅಲ್ಲ. 2005ರ ಮಾರ್ಚಿನಲ್ಲಿ ಹಳೆಯದರ ಮುಖ್ಯ ಬೆಂಬಲ ನಿಲ್ಲುವ ಹೊತ್ತಿಗೆ, ಮೈಕ್ರೋಸಾಫ್ಟ್ ತಾನೇ ಗೌರವಿಸಿದ್ದ ನೂರಕ್ಕೂ ಹೆಚ್ಚು ತಜ್ಞರು ಅದನ್ನು ಉಳಿಸಿಕೊಳ್ಳಿರೆಂದು ಮನವಿಗೆ ಸಹಿ ಹಾಕಿದರು. ಪ್ರಯೋಜನವಾಗಲಿಲ್ಲ. 2008ರ ಏಪ್ರಿಲ್‌ನಲ್ಲಿ ಉಳಿದ ಬೆಂಬಲವೂ ನಿಂತಿತು.

ಇಂಥ ಸಿಟ್ಟನ್ನು ಸೋಮಾರಿತನವೆಂದು ಹೇಳಿಬಿಡುವುದು ಸುಲಭ. ಆದರೆ ಒಂದು ಲಾಟನ್ನು ಇಬ್ಬರಿಗೆ ಹಂಚಿದರೆ ಏನು, ಮುಂಗಡವನ್ನು ಎಲ್ಲಿ ಕಳೆಯಬೇಕು ಎಂದು ಪ್ರತಿ ಸುಗ್ಗಿಯಲ್ಲೂ ಪೆಟ್ಟು ತಿಂದು ಕಲಿತದ್ದೆಲ್ಲ ಆ ಹಳೆಯ ಸಾಲುಗಳಲ್ಲೇ ಇತ್ತು. ಮತ್ತೆ ಬರೆಯುವಾಗ ಒಂದು ಸಾಲು ಬಿಟ್ಟರೆ ತಪ್ಪು ಬರೆದವನದು, ನಷ್ಟ ಮಾತ್ರ ರೈತನದು.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು, ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾಯಿತು. ಆಣೆಯೊಂದಕ್ಕೆ ಆರೂಕಾಲು ಪೈಸೆ! ಆದರೂ ಹಳೆಯ ನಾಣ್ಯಗಳು ಕೆಲವು ವರ್ಷ ಹೊಸವುಗಳೊಡನೆ ಓಡಾಡಿದವು. ವಿಷುವಲ್ ಬೇಸಿಕ್ 6 ಕೂಡ ಹಾಗೆಯೇ: ಟಂಕಸಾಲೆ ಮುಚ್ಚಿದರೂ ಅದರಲ್ಲಿ ಬರೆದ ಪ್ರೋಗ್ರಾಮುಗಳು ಇಂದಿನ ವಿಂಡೋಸಿನಲ್ಲೂ ಓಡುತ್ತವೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದು ತೆರಿಗೆಯ ಲೆಕ್ಕವೇ ಬದಲಾದಾಗ ಅವರು ಹೊಸ ಭಾಷೆಯಲ್ಲಿ ಬರೆಯಲು ಕುಳಿತರು. ಆದರೆ ಹಳೆಯದನ್ನು ಕೂಡಲೇ ಅಳಿಸಲಿಲ್ಲ. ಒಂದಿಡೀ ಸುಗ್ಗಿ ಎರಡರಲ್ಲೂ ಪಟ್ಟಿ ತೆಗೆದು, ತೂಕ, ದರ, ಮುಂಗಡಗಳನ್ನು ಪೈಸೆಗೆ ಪೈಸೆ ತಾಳೆ ನೋಡಿದರು. ಪಟ್ಟಿ ಕೈಗೆ ಬಂದ ರೈತ ಅದು ಯಾವ ಆವೃತ್ತಿಯೆಂದು ಕೇಳುವುದಿಲ್ಲ. ತೂಕಕ್ಕೆ ದರ ಗುಣಿಸಿ ನೋಡುತ್ತಾನೆ, ಅಷ್ಟೆ.