ಗಾಣಕ್ಕೆ ಮುಂಗಡ ಕೊಡುವ ಮುನ್ನ



ನಿಮ್ಮ ಕಾಗದ ತಲುಪಿತು. ತುಮಕೂರಿನಲ್ಲಿ ಮರದ ಗಾಣ ಹಾಕಿಸಿ ಕಡಲೆಕಾಯಿ ಎಣ್ಣೆ ಮಾರುವ ಆಸೆ ಒಳ್ಳೆಯದೇ. ಬೀಜಕ್ಕೆ ಪಾವಗಡವಿದೆ, ಎಣ್ಣೆ ಗಿರಣಿಗಳ ಊರು ಚಳ್ಳಕೆರೆಯೂ ತೀರಾ ದೂರವಲ್ಲ. ಆದರೆ "ಕೇಳಿದವರೆಲ್ಲ ಖಂಡಿತ ತೊಗೋತೀವಿ ಅಂದ್ರು" ಎಂದು ಬರೆದಿದ್ದೀರಲ್ಲ, ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ಬಾಗಿಲಿಗೆ ಬಂದು ಕೇಳಿದವರ ಮುಖಕ್ಕೆ "ಬೇಡಮ್ಮ" ಎನ್ನುವವರು ನಮ್ಮ ಕಡೆ ಎಷ್ಟು ಜನ ಹೇಳಿ? ಅದು ದಾಕ್ಷಿಣ್ಯದ ಮಾತು, ಗಿರಾಕಿಯ ಮಾತಲ್ಲ.

ಇನ್ನು ಮೇಲೆ "ತೊಗೋತೀರಾ?" ಎಂದು ಕೇಳಲೇಬೇಡಿ. ಹೋದ ತಿಂಗಳು ಯಾವ ಎಣ್ಣೆ ತಂದಿರಿ, ಎಷ್ಟು ಕೊಟ್ಟಿರಿ, ಎಷ್ಟು ದಿನ ಬಂತು ಎಂದು ಕೇಳಿ. ಆಗಲೇ ಗಾಣದ ಎಣ್ಣೆ ತರುವ ಮನೆ ಸಿಕ್ಕರೆ ಅಲ್ಲಿ ಕೂತು ಕಾಫಿ ಕುಡಿದೇ ಬನ್ನಿ. ಎಷ್ಟೋ ಮನೆಗಳಲ್ಲಿ ಎಣ್ಣೆ ಎರಡು ಬಗೆ: ಒಗ್ಗರಣೆಗೆ, ಚಟ್ನಿಪುಡಿ ಕಲಸಲಿಕ್ಕೆ ಗಾಣದ್ದು, ಬೋಂಡ, ಪೂರಿ ಕರಿಯಲಿಕ್ಕೆ ಪ್ಯಾಕೆಟ್ಟಿನದು. ನಿಮ್ಮ ಗಿರಾಕಿಗಳೂ ಹಾಗೇ ಇದ್ದರೆ ಐದು ಲೀಟರಿನ ಕ್ಯಾನು ಯಾರಿಗೂ ಬೇಕಾಗುವುದಿಲ್ಲ, ಅರ್ಧ ಲೀಟರಿನ ಬಾಟಲಿ ಬೇಕು. ಆಗ ದಿನಕ್ಕೆ ಅರೆಯಬೇಕಾದ ಬೀಜದ ಲೆಕ್ಕವೇ ಬದಲಾಗುತ್ತದೆ.

ಜನ ಈಗೇನು ಕೊಳ್ಳುತ್ತಿದ್ದಾರೆ ಎಂದು ನೋಡಿಯೇ ಶುರು ಮಾಡಿದವರಿದ್ದಾರೆ. ಬೆಂಗಳೂರಿನ ಐಡಿ ದೋಸೆಹಿಟ್ಟು ನೀವೂ ತಂದಿರಬಹುದು. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು 2005ರಲ್ಲಿ ಅದನ್ನು ಶುರು ಮಾಡುವ ಮೊದಲೇ ಅಂಗಡಿಗಳಲ್ಲಿ ಹಿಟ್ಟು ಸಿಗುತ್ತಿತ್ತು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರಬ್ಬರ್ ಬ್ಯಾಂಡ್ ಸುತ್ತಿದ್ದು. ಜನ ಗೊಣಗಿಕೊಂಡೇ ಕೊಳ್ಳುತ್ತಿದ್ದರು. ಆ ಗೊಣಗಾಟಕ್ಕೆ ಕಿವಿಗೊಟ್ಟು ಅವರು ಪುಟ್ಟ ಅಡುಗೆಮನೆಯಿಂದ ಸುತ್ತಲಿನ ಕೆಲವೇ ಅಂಗಡಿಗಳಿಗೆ ಹಿಟ್ಟು ಕೊಟ್ಟು ನೋಡಿದರು. ಮುಂದಿನ ವರ್ಷಗಳ ಬೆಳವಣಿಗೆಗಿಂತ ಆ ಮೊದಲ ಹೆಜ್ಜೆಯೇ ನನಗೆ ಹೆಚ್ಚು ಇಷ್ಟ. ಇದಕ್ಕೆ ತದ್ವಿರುದ್ಧವಾಗಿ, 1994ರಲ್ಲಿ ಕಾರ್ನ್‌ಫ್ಲೇಕ್ಸ್ ಹೊತ್ತು ಬಂದ ಕೆಲಾಗ್ಸ್ ಕಂಪನಿಗೆ ನಮ್ಮವರು ಹಾಲನ್ನು ಬಿಸಿ ಮಾಡಿಯೇ ಸುರಿಯುತ್ತಾರೆ, ಗರಿಗರಿ ತಿನಿಸು ಮೆತ್ತಗಾಗುತ್ತದೆ ಎಂಬುದು ತಡವಾಗಿ ತಿಳಿಯಿತು. ಅವರ ಬಳಿ ದುಡ್ಡಿತ್ತು, ತಡೆದುಕೊಂಡರು.

ಬೆಲೆಯ ಮಾತಿಗೆ ಬರೋಣ. ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ ಬೀಜ ಬೇಕು. ಅದಕ್ಕಿಂತ ತೀರಾ ಕಡಿಮೆಯಲ್ಲಿ ಆಗುತ್ತದೆ ಎನ್ನುವ ಗಾಣದ ವ್ಯಾಪಾರಿಯನ್ನು ನಂಬಬೇಡಿ. ಇನ್ನು ಗಿರಾಕಿಯ ಜೇಬು ತಿಳಿಯಲು ಕೇಂದ್ರ ಸರ್ಕಾರದ 2022-23ರ ಕುಟುಂಬ ಖರ್ಚಿನ ಸಮೀಕ್ಷೆ ಪುಕ್ಕಟೆ ಸಿಗುತ್ತದೆ. ಆ ವರ್ಷ ಕರ್ನಾಟಕದ ನಗರಗಳಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 7,666 ರೂಪಾಯಿ ಇತ್ತು. ಅಂದರೆ ನಾಲ್ವರ ಮನೆಗೆ ಎಲ್ಲ ಸೇರಿ ಮೂವತ್ತು ಸಾವಿರದ ಆಸುಪಾಸು, ಅದೂ ಬೆಂಗಳೂರನ್ನು ಸೇರಿಸಿ. ಬಾಡಿಗೆ, ಶಾಲೆ ಫೀಸು, ಪೆಟ್ರೋಲು ಕಳೆದ ಮೇಲೆ ಉಳಿದದ್ದರಲ್ಲಿ ನಿಮ್ಮ ಬಾಟಲಿಗೆ ಜಾಗ ಎಷ್ಟಿದೆ ನೋಡಿ.

ಹಿಂಡಿಯನ್ನು ಮರೆತೇಬಿಟ್ಟಿದ್ದೀರಿ! ಮರದ ಗಾಣದ ಹಿಂಡಿಯಲ್ಲಿ ಎಣ್ಣೆಯ ಅಂಶ ಚೆನ್ನಾಗಿ ಉಳಿದಿರುತ್ತದೆ, ಹಸು ಸಾಕಿದವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಎಣ್ಣೆಯಲ್ಲಿ ಗಿಟ್ಟದ್ದು ಕೆಲವೊಮ್ಮೆ ಹಿಂಡಿಯಲ್ಲಿ ಗಿಟ್ಟುತ್ತದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬರುವವರನ್ನು ಅಲ್ಲೇ ನಿಂತು ಮಾತಾಡಿಸಿ. ಈಗ ಹಿಂಡಿ ಎಲ್ಲಿಂದ ತರುತ್ತಾರೆ, ಚೀಲಕ್ಕೆಷ್ಟು, ಸಾಲವೋ ನಗದೋ ಕೇಳಿ.

ಸದ್ಯಕ್ಕೆ ಬೇರೆಯವರ ಗಾಣದಲ್ಲಿ ಕೂಲಿ ಕೊಟ್ಟು ಒಂದಿಷ್ಟು ಎಣ್ಣೆ ಹಿಂಡಿಸಿ, ಪೂರ್ತಿ ಬೆಲೆಗೇ ಮಾರಿ. ನೆಂಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ಬಾಟಲಿ ಕೇಳಿಕೊಂಡು ಎಷ್ಟು ಮನೆಯವರು ಬಂದರು ಅಂತ ನನಗೆ ಬರೆಯಿರಿ. ಮುಂಗಡದ ದುಡ್ಡು ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ.

ನಿಮ್ಮ ಗೆಳತಿ