ದುಡ್ಡು ಬಂದೈತಾ, ಇಲ್ವಾ?

ಮಾಗಡಿ ಬಸ್ ನಿಲ್ದಾಣದ ಹತ್ತಿರದ ಸೇವಾ ಕೇಂದ್ರ. ಬೆಳಗಿನ ಹತ್ತೂವರೆ. ಹೊರಗೆ ಸೊಗಡವರೆ ಮೂಟೆಗಳು ಇಳಿಯುತ್ತಿವೆ, ಬೆಂಗಳೂರು ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದಾನೆ. ನೀವು ಬೆಂಚಿನ ತುದಿಯಲ್ಲಿ ಕೂತಿದ್ದೀರಿ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿ. ಸಾವನದುರ್ಗದ ಕಡೆಯ ಹಳ್ಳಿಯಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟಿನಲ್ಲಿ ಬಂದಿದ್ದಾರೆ. ಎಲೆಯಡಿಕೆ ಚೀಲದಿಂದ ಒಂದು ಸ್ಮಾರ್ಟ್‌ಫೋನು, ಮಡಚಿ ಸವೆದ ಒಂದು ಪಾಸ್‌ಬುಕ್ಕು ಹೊರಬರುತ್ತವೆ.

"ಸಂಧ್ಯಾ ಸುರಕ್ಷಾ ಪಿಂಚಣಿ ದುಡ್ಡು ಬಂದೈತಾ ನೋಡವ್ವಾ. ಮೊಮ್ಮಗ ಇದ್ರಲ್ಲೇ ಐತೆ ಅಂತಾನೆ. ನಂಗೇನೂ ಕಾಣಾಕಿಲ್ಲ."

ಕೌಂಟರಿನ ಹುಡುಗಿಗೆ ಇನ್ನೂ ಪುರುಸೊತ್ತಿಲ್ಲ. ಫೋನು ನಿಮ್ಮ ಕೈಗೆ ಬರುತ್ತದೆ. ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ. ಬಾಗಿಲಿನ ಬಿಸಿಲು ಗಾಜಿನ ಮೇಲೆ ಬಿದ್ದು ಇದ್ದ ಅಕ್ಷರವೂ ಅಳಿಸಿದಂತಾಗಿದೆ. ನಿಮಗೇ ಕಷ್ಟ. 60ರ ಕಣ್ಣಿನ ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗೆ ತಿರುಗಿರುತ್ತದೆ. 20ರ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲಷ್ಟೇ 60ರ ಕಣ್ಣಿನ ಅಕ್ಷಿಪಟಕ್ಕೆ ತಲುಪುತ್ತದೆ. ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ವ್ಯತ್ಯಾಸ ಕೇಳುತ್ತದೆ. ಬೂದು ಬಣ್ಣದ ಈ ಸಾಲು ಅದರ ಹತ್ತಿರಕ್ಕೂ ಬರುವಂತೆ ಕಾಣುವುದಿಲ್ಲ.

ಕನ್ನಡಕ್ಕೆ ಇನ್ನೂ ಒಂದು ತೊಡಕು. ನಮ್ಮ ಅಕ್ಷರದ ಅರ್ಧ ಜೀವ ಒತ್ತಿನಲ್ಲಿದೆ. ಇಂಗ್ಲಿಷಿನ ಅಳತೆಗೆ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ಕನ್ನಡಕ ಹಾಕಿದವರಿಗೂ ಅಲ್ಲಿ ಕಾಣುವುದು ಕಪ್ಪು ಮಚ್ಚೆ.

ಅಜ್ಜಿ ಫೋನು ಇಸಿದುಕೊಂಡು 'ಮುಂದೆ' ಎಂಬ ಗುಂಡಿಯನ್ನು ಒತ್ತುತ್ತಾರೆ. ಗಟ್ಟಿಯಾಗಿ, ನಿಧಾನವಾಗಿ, ಸ್ವಿಚ್ಚು ಒತ್ತಿದ ಹಾಗೆ. ಪರದೆ ಅದನ್ನು ಬೇರೆಯೇ ಆಜ್ಞೆ ಎಂದು ತಿಳಿದು ಏನನ್ನೋ ತೆರೆಯುತ್ತದೆ. ಮತ್ತೆ ಒತ್ತುತ್ತಾರೆ. ರಾಗಿ ಹೊಲದಲ್ಲಿ ಕಳೆ ಕಿತ್ತು ಒಣಗಿದ ಬೆರಳು. ಗಾಜಿಗೆ ಈ ಸಲ ಸ್ಪರ್ಶವೇ ತಿಳಿಯುವುದಿಲ್ಲ. ಅಷ್ಟರಲ್ಲಿ ಆರಂಕಿಯ ಒಟಿಪಿ ಬರುತ್ತದೆ. ಅವರು ಮೆಸೇಜು ತೆರೆದು ಮೂರಂಕಿ ಓದಿ ವಾಪಸ್ಸು ಬರುವಷ್ಟರಲ್ಲಿ ಸಮಯ ಮುಗಿದಿದೆ.

"ನಂಗೆ ಬುದ್ಧಿ ಸಾಲ್ದು ಬಿಡು ಮಗ" ಎನ್ನುತ್ತಾರೆ.

ಈ ಮಾತನ್ನು ಹಾಗೇ ಬಿಡಬೇಡಿ. ಐವತ್ತು ವರ್ಷ ಸಂಸಾರದ ಲೆಕ್ಕ ಬಾಯಲ್ಲೇ ಇಟ್ಟವರು ಇವರು. ಯಾವ ಅಂಗಡಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಒಂದೂ ಮರೆತಿಲ್ಲ. ಸೋತದ್ದು ಪರದೆ. ತಪ್ಪು ಹೊತ್ತುಕೊಂಡದ್ದು ಅಜ್ಜಿ.

ಈಗ ಕೌಂಟರಿನ ಸರದಿ. ಹುಡುಗಿ ಬೆರಳಚ್ಚಿನ ಯಂತ್ರ ಮುಂದಿಡುತ್ತಾಳೆ. ಹೆಬ್ಬೆಟ್ಟು ಒಪ್ಪುವುದಿಲ್ಲ. "ಬೆರಳು ಒರೆಸ್ಕೊಳ್ಳಿ ಅಜ್ಜಿ, ಇನ್ನೊಂದು ಇಡಿ." ಸವೆದ ಗೆರೆಗಳಲ್ಲಿ ಯಂತ್ರ ತಡಕಾಡುತ್ತದೆ. ಮೂರನೆಯ ಬೆರಳಿಗೆ ಹಸಿರು ದೀಪ. ಖಾತೆ ತೆರೆದುಕೊಳ್ಳುತ್ತದೆ: ವರ್ಷದ ಜಮೆಗಳನ್ನೆಲ್ಲ ಹೋಳು ಮಾಡಿದ ಒಂದು ಬಣ್ಣದ ಚಕ್ರ. ನೀಲಿ ಹೋಳು ಒಂದು, ಹಸಿರು ಹೋಳು ಒಂದು. ಹಳದಿಯಾದ ಮಸೂರ ನೀಲಿ ಬೆಳಕನ್ನು ತಡೆಯುವುದರಿಂದ ಅಜ್ಜಿಗೆ ಎರಡೂ ಒಂದೇ.

"ಇದೇನವ್ವಾ, ರಂಗೋಲಿ?"

ಹುಡುಗಿ ನಗುತ್ತಾಳೆ. ಆಮೇಲೆ ಒಂದು ಹಾಳೆಯ ಬೆನ್ನಿನ ಮೇಲೆ ಪೆನ್ನಿನಿಂದ ಹನ್ನೆರಡು ಚೌಕ ಎಳೆಯುತ್ತಾಳೆ. ದುಡ್ಡು ಬಂದ ಪ್ರತಿ ತಿಂಗಳಿನ ಚೌಕವನ್ನು ಪೂರ್ತಿ ಕಪ್ಪು ಮಾಡಿ, ಪಕ್ಕದಲ್ಲಿ ದಪ್ಪಗೆ 1,200 ಎಂದು ಬರೆಯುತ್ತಾಳೆ. ಒಂದು ಚೌಕ ಖಾಲಿ ಉಳಿಯುತ್ತದೆ. ಕೆಳಗೆ 'ನವೆಂಬರ್'.

"ಅದ್ಯಾವ್ದು?"

"ದೀಪಾವಳಿ ಆದ್ಮೇಲಿನದು ಅಜ್ಜಿ."

"ಹಂಗಂದ್ರೆ ಅದೊಂದು ಬಂದಿಲ್ಲ. ಗೌರಿ ಹಬ್ಬದ್ದು ಬಂದೈತೆ." ಬೆರಳು ಸರಿಯಾದ ಚೌಕದ ಮೇಲೇ ನಿಂತಿದೆ. ಕೂಡಲೇ ಮುಂದಿನ ಪ್ರಶ್ನೆ: "ಅದಕ್ಕೆ ಅರ್ಜಿ ಎಲ್ಲಿ ಕೊಡ್ಬೇಕು?"

ನೋಡಿದಿರಲ್ಲ, ಆ ಹಾಳೆಯಲ್ಲಿ ಏನೇನಿದೆ! ಬಣ್ಣ ನಂಬದ ಕಪ್ಪು-ಬಿಳುಪು. ಒಂದೇ ಪ್ರಶ್ನೆಗೆ ಒಂದೇ ಉತ್ತರ. ತಿಂಗಳಿಗೆ ಬಾಯಲ್ಲಿ ಹೇಳಿದ ಹಬ್ಬದ ಗುರುತು. ಅಂಕಿಯನ್ನು ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ, ಎಲ್ಲವೂ ಕಣ್ಣ ಮುಂದೆ. ದತ್ತಾಂಶವನ್ನು ಚಿತ್ರ ಮಾಡುವುದೆಂದರೆ ಇದೇ.

ಇದು ಆಗದ ಕೆಲಸವಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿ ಮಳೆಯ ನಕ್ಷೆಗಳನ್ನು ರೈತರ ಮುಂದೆ ಹರಡುವುದಿಲ್ಲ. ಫೋನು ಮಾಡಿದವರಿಗೆ ಅವರ ಊರಿನ ಮಳೆಯ ಮುನ್ಸೂಚನೆಯನ್ನು ಮಾತಿನಲ್ಲೇ ಹೇಳುತ್ತದೆ. ಯುಪಿಐ ಹಣ ಬಂದದ್ದನ್ನು ಅಂಗಡಿಯ ಪುಟ್ಟ ಪೆಟ್ಟಿಗೆ ಕೂಗಿ ಹೇಳುತ್ತದೆ. 2022ರಿಂದ ಗುಂಡಿ ಒತ್ತುವ ಸಾದಾ ಫೋನಿಗೂ ಯುಪಿಐ ಇದೆ. 2023ರಲ್ಲಿ ಪರಿಷ್ಕೃತವಾದ ಅದೇ ಅಂತರರಾಷ್ಟ್ರೀಯ ಮಾನದಂಡ ಗುಂಡಿಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿದೆ. ಲಾಗಿನ್ ಆಗಲು ನೆನಪಿನ ಪರೀಕ್ಷೆ ಬೇಡ ಎಂದೂ ಹೇಳಿದೆ. ನಿಯಮ ಇದೆ, ತಂತ್ರವೂ ಇದೆ.

ಇಲ್ಲದಿರುವುದು ಈ ಬೆಂಚಿನ ಮೇಲೆ ಕೂರುವ ಅಭ್ಯಾಸ. 65 ದಾಟಿದವರ ಪಿಂಚಣಿಯ ಪರದೆಯನ್ನು ಮೊದಲು ಮುಟ್ಟಿ ನೋಡಬೇಕಾದವರು 65 ದಾಟಿದವರೇ. ಅದನ್ನು ವಿನ್ಯಾಸ ಮಾಡುವವರು ಒಂದು ಬೆಳಿಗ್ಗೆ ಬೆಂಗಳೂರಿನಿಂದ ಮಾಗಡಿ ಬಸ್ಸು ಹತ್ತಲಿ. ಈ ಕೌಂಟರಿನ ಹುಡುಗಿಯರ ಪಕ್ಕದಲ್ಲಿ ಕೂತು, ಅವರು ಏನನ್ನು ಪೆನ್ನಿನಲ್ಲಿ ಬರೆದು ತೋರಿಸುತ್ತಾರೋ ಅದನ್ನೇ ಪರದೆಗೆ ತರಲಿ. ಖಾಲಿ ಚೌಕ ಯಾವುದೆಂದು ತಿಳಿದ ಮೇಲೆ ಅದನ್ನು ಕೇಳಿ ಪಡೆಯಬೇಕೆಂದು ಅಜ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ.