ಹಾಡುವ ಪೆಟ್ಟಿಗೆ, ಏಳದ ಲಾರಿ

ಅಮೀನಗಡವೆಂದೊಡನೆ ಮೊದಲು ನೆನಪಾಗುವುದು ಕರದಂಟು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿರುವ ಆ ತಿನಿಸಿನ ಕೀರ್ತಿ ಬಾಗಲಕೋಟೆ ಜಿಲ್ಲೆಯನ್ನು ದಾಟಿ ಎಷ್ಟೋ ದೂರ ಹೋಗಿದೆ. ಊರಿನ ಇನ್ನೊಂದು ಕೀರ್ತಿ ಕುರಿಸಂತೆಯದು. ಸಂತೆಗೆ ಬರುವ ಲಾರಿಯ ಚಾಲಕನಿಗೆ ಲಾರಿಯೇ ಮನೆ. ಆಸನದ ಹಿಂದಿನ ಹಲಗೆಯೇ ಮಂಚ. ಎದುರಿಗೆ ದೇವರ ಪಟ. ಅದರ ಕೆಳಗೆ ಹಾಡುವ ಪೆಟ್ಟಿಗೆ. ಒಂಟಿ ದಾರಿಯಲ್ಲಿ ರಾತ್ರಿಯೆಲ್ಲ ಅವನ ಕಣ್ಣು ಮುಚ್ಚದಂತೆ ಕಾಯುವುದು ಆ ಪೆಟ್ಟಿಗೆಯೇ.

ಅಂಥ ಚಾಲಕನೊಬ್ಬ ಹಳೆಯ ಪೆಟ್ಟಿಗೆಯನ್ನು ತೆಗೆಸಿ ಹೊಸ ಸ್ಟೀರಿಯೋ ಹಾಕಿಸಿದ. ಹಾಡೇನೋ ಇಂಪಾಗಿತ್ತು. ಆದರೆ ಕೀಲಿಕೈ ತಿರುಗಿಸಿ ಎಂಜಿನ್ ನಿಲ್ಲಿಸಿದೊಡನೆ ಪೆಟ್ಟಿಗೆ ಹೊತ್ತನ್ನೂ ಬಾನುಲಿ ಕೇಂದ್ರಗಳನ್ನೂ ಮರೆತುಬಿಡುತ್ತಿತ್ತು. ಜೋಡಿಸಿದವನನ್ನು ಕೇಳಿದಾಗ, ಅವನು ಅದರ ಹಳದಿ ಮತ್ತು ಕೆಂಪು ತಂತಿಗಳನ್ನು ಒಟ್ಟಿಗೆ ಹೆಣೆದು, ಎರಡು ಬ್ಯಾಟರಿಗಳ ನಡುವಿನ ಕೊಂಡಿಗೆ ಸಿಕ್ಕಿಸಿದ. ಮರೆವು ವಾಸಿಯಾಯಿತು.

ಕೆಲವು ವಾರಗಳು ಕಳೆದವು. ಒಂದು ಸಂತೆಯ ದಿನ ಕುರಿಗಳನ್ನು ತುಂಬಿಕೊಂಡು ನಿಂತಿದ್ದ ಲಾರಿ ಏಳಲೇ ಇಲ್ಲ. ಬಿಸಿಲು ಏರುತ್ತಿತ್ತು. ಕುರಿಗಳು ಬಾಯಿ ತೆರೆದು ಏದುತ್ತಿದ್ದವು. ಕುರಿಗಳ ಒಡೆಯ ಲಾರಿಯ ಸುತ್ತ ತಿರುಗುತ್ತಿದ್ದ.

“ಹಾಡ ಛಲೋ ಕೇಳ್ತೈತ್ರಿ ಮಿಸ್ತ್ರಿ, ಗಾಡಿನ ಏಳವಲ್ದು,” ಎಂದ ಚಾಲಕ.

“ಆ ಪೆಟಗಿ ಯಾರ ಅನ್ನಾ ಉಂಡು ಹಾಡ್ತೈತಿ, ಅದನ್ನ ಮೊದಲ ನೋಡೂಣು ತಮ್ಮಾ,” ಎಂದ ಮುದುಕ ಮಿಸ್ತ್ರಿ.

ಲಾರಿಯದು 24 ವೋಲ್ಟಿನ ವಿದ್ಯುತ್ತು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ಅದನ್ನು ಪಡೆಯುತ್ತಾರೆ. ಸ್ಟೀರಿಯೋಗೆ ಬೇಕಾದದ್ದು 12 ವೋಲ್ಟು ಮಾತ್ರ. ನಡುವಿನ ಕೊಂಡಿಯಿಂದ ತೆಗೆದರೆ 12 ಸಿಕ್ಕೀತು, ನಿಜ. ಆದರೆ ಅದೆಲ್ಲ ಒಂದೇ ಬ್ಯಾಟರಿಯ ಪಾಲಿನದು. ಜೋಡೆತ್ತಿನಲ್ಲಿ ಒಂದರಿಂದಲೇ ಭಾರ ಎಳೆಸಿ, ಎರಡಕ್ಕೂ ಸಮನಾಗಿ ಮೇವು ಹಾಕಿದಂತೆ. ಎಂಜಿನ್ ಓಡುವಾಗ ಆಲ್ಟರ್ನೇಟರು ಎರಡನ್ನೂ ಒಂದೇ ಎಂದು ಬಗೆದು ತುಂಬುತ್ತದೆ. ಸೊರಗಿದ್ದು ಸೊರಗುತ್ತಲೇ ಹೋಗುತ್ತದೆ. ಇನ್ನೊಂದು ಅತಿಯಾಗಿ ತುಂಬಿ ಒಳಗಿನ ನೀರನ್ನು ಕಳೆದುಕೊಳ್ಳುತ್ತದೆ. ಮಿಸ್ತ್ರಿಯ ಮೀಟರು ಒಂದರಲ್ಲಿ 12.6 ವೋಲ್ಟು ತೋರಿಸಿತು, ಇನ್ನೊಂದರಲ್ಲಿ 11.8. ಸ್ಟೀರಿಯೋಗೆ ಏನೂ ಆಗಿರಲಿಲ್ಲ. ತಪ್ಪು ಇದ್ದದ್ದು ಆ ಒಂದು ಕೊಂಡಿಯಲ್ಲಿ.

ಮಿಸ್ತ್ರಿ ಆ ತಂತಿಯನ್ನು ಕಿತ್ತುಹಾಕಿ, ಪಕ್ಕದ ಲಾರಿಯ ಬ್ಯಾಟರಿಗಳಿಂದ ಕೇಬಲ್ ಕೊಟ್ಟು ಎಂಜಿನ್ನನ್ನು ಎಬ್ಬಿಸಿದ. ಕುರಿಗಳಿಗೆ ಗಾಳಿಯಾಡಿತು. ಪೆಟ್ಟಿಗೆ ಮೂಕವಾದ್ದರಿಂದ ಆ ರಾತ್ರಿ ದಾರಿಯುದ್ದಕ್ಕೂ ಕ್ಲೀನರ್ ಹುಡುಗನೇ ಹಾಡಬೇಕಾಯಿತು.

ಮುಂದಿನ ಸಂತೆಗೆ ಬಂದಾಗ ಸಾವಕಾಶವಾಗಿ ಕೆಲಸ ನಡೆಯಿತು. 24 ವೋಲ್ಟನ್ನು 12ಕ್ಕೆ ಇಳಿಸುವ ರೆಡ್ಯೂಸರನ್ನು ಎರಡೂ ಬ್ಯಾಟರಿಗಳಿಗೆ ಸೇರಿಸಿ ಕೂರಿಸಿದರು. ಮಿಸ್ತ್ರಿ ತಂತಿಗಳನ್ನು ಒಂದೊಂದಾಗಿ ಮೀಟರಿನಿಂದ ಪರೀಕ್ಷಿಸಿದ. ಹಳದಿಯದು ನೆನಪಿನ ತಂತಿ. ಅದಕ್ಕೆ ಫ್ಯೂಸಿನ ಮೂಲಕ ಹಗಲಿರುಳೂ ತುಸು ವಿದ್ಯುತ್ತು ಬೇಕು. ಕೆಂಪಿನದು ಎಚ್ಚರದ ತಂತಿ. ಕೀಲಿಕೈ ತಿರುಗಿದಾಗ ಮಾತ್ರ ಅದಕ್ಕೆ ವಿದ್ಯುತ್ತು. ಎರಡನ್ನೂ ಕೀಲಿಕೈಗೆ ಕಟ್ಟಿದರೆ ಮರೆವು. ಎರಡನ್ನೂ ಸದಾ ಬ್ಯಾಟರಿಗೆ ಕಟ್ಟಿದರೆ ಬ್ಯಾಟರಿಗೆ ನಿದ್ರೆಯಿಲ್ಲ. ಕಪ್ಪು ತಂತಿಯನ್ನು, ಬಣ್ಣ ಕೆರೆದು ಹೊಳೆಯಿಸಿದ ಕಬ್ಬಿಣಕ್ಕೆ ಬೋಲ್ಟಿನಿಂದ ಬಿಗಿದ. ಸ್ಪೀಕರಿನ ತಂತಿಗಳನ್ನು ಮಾತ್ರ ಲಾರಿಯ ಮೈಗೆ ತಾಕಗೊಡಲಿಲ್ಲ. ತಾಕಿದರೆ ಹೊಸ ಸ್ಟೀರಿಯೋ ಸುಟ್ಟೀತು. ಎರಡರಲ್ಲಿ ಒಂದು ಸ್ಪೀಕರಿನ ಜೋಡಣೆ ತಿರುವುಮುರುವಾಗಿತ್ತು; ಅದನ್ನು ಸರಿಪಡಿಸಿದೊಡನೆ ಕಳೆದುಹೋಗಿದ್ದ ತಬಲೆಯ ದನಿ ತುಂಬಿ ಬಂತು.

ಆದರೂ ಮಿಸ್ತ್ರಿ ಅಂದು ಹಣ ಮುಟ್ಟಲಿಲ್ಲ. ರಾತ್ರಿಯೆಲ್ಲ ಲಾರಿಯನ್ನು ಅಲ್ಲಿಯೇ ನಿಲ್ಲಿಸಿಕೊಂಡು, ಬೆಳಿಗ್ಗೆ ಎರಡೂ ಬ್ಯಾಟರಿಗಳನ್ನು ಮತ್ತೆ ಅಳೆದ. ಎರಡೂ ಸಮನಾಗಿದ್ದವು, ಲಾರಿ ಒಂದೇ ಸಲಕ್ಕೆ ಎದ್ದಿತು, ಪೆಟ್ಟಿಗೆ ಹೊತ್ತನ್ನು ಮರೆತಿರಲಿಲ್ಲ. ಆಮೇಲೆಯೇ ಅವನು ಕೈಯೊಡ್ಡಿದ್ದು. ಕ್ಲೀನರ್ ಹುಡುಗನಿಗೆ ಮಾತ್ರ ಕೊಂಚ ಬೇಸರವಾಯಿತು. ಅವನ ಹಾಡಿಗೆ ಇನ್ನು ಕೇಳುಗರಿರಲಿಲ್ಲ.